ಗಾಳದ ದಾರ: ‘ಹುರಿ’ಯೋ, ‘ಹೆಣೆ’ಯೋ, ‘ಜಡೆ’ಯೋ?

ಎಲ್ಲರಿಗೂ ನಮಸ್ಕಾರ,

ಗಾಳ ಹಾಕುವವರು ‘ಬ್ರೇಡ್’ ಎನ್ನುವ, ಹಲವು ಎಳೆ ಹೆಣೆದು ಮಾಡಿದ ದಾರಕ್ಕೆ ಕನ್ನಡದಲ್ಲಿ ಏನನ್ನೋಣ? ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ, ಅರ್ಧ ಕೆಜಿ ಹುರಿ ಮನೆಗೆ ಬಂದ ಮೇಲೆ ಹುಟ್ಟಿದ್ದು.

ಹೋದ ತಿಂಗಳು ನಮ್ಮ ಮಾವ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೊರಟಿದ್ದರು. ‘20 ಪೌಂಡಿನ ಹುರಿದಾರ’ ಎಂದು ಚೀಟಿ ಬರೆದುಕೊಟ್ಟೆ. ಅಚ್ಚ ಕನ್ನಡದಲ್ಲಿ ಬರೆದೆ ಅನ್ನುವ ಹೆಮ್ಮೆ ಬೇರೆ. ಸಂಜೆ ಅವರ ಚೀಲದಿಂದ ಹೊರಬಿದ್ದದ್ದು ಗೋಣಿಚೀಲದ ಬಾಯಿ ಹೊಲಿಯುವ ಹುರಿ. “20 ಪೌಂಡು ಅಂದ್ರೆ ಒಂಬತ್ತು ಕೆಜಿ ಆಯ್ತದೆ ಕಣಪ್ಪ, ಅಷ್ಟೊಂದು ಯಾಕೆ ಅಂತ ಅರ್ಧ ಕೆಜಿ ತಂದಿವ್ನಿ” ಅಂದರು. ಅವರದೇನು ತಪ್ಪು? ಚೀಟಿಯ ‘ಹುರಿ’, ‘ಪೌಂಡು’ ಎರಡು ಪದವೂ ಕೈಕೊಟ್ಟಿದ್ದವು.

ಮೊದಲು ಹುರಿ. ಹುರಿ ಎಂದರೆ ತಿರುಚಿದ್ದು. ಹುರಿಮೀಸೆ ನೆನೆಸಿಕೊಳ್ಳಿ, ಅದನ್ನು ಯಾರೂ ಹೆಣೆಯುವುದಿಲ್ಲ, ತಿರುವುತ್ತಾರೆ. ರೇಷ್ಮೆ ನೂಲನ್ನು ಹುರಿ ಮಾಡುವುದೂ ಹಾಗೆಯೇ. ಬತ್ತಿ ಹೊಸೆಯುವುದು, ಹಗ್ಗ ಹೊಸೆಯುವುದು ಇದೇ ಜಾತಿಯ ಕೆಲಸ. ಬ್ರೇಡ್ ಹಾಗಲ್ಲ. ಅದರಲ್ಲಿ ಎಳೆಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾದುಹೋಗುತ್ತವೆ, ಬುಟ್ಟಿಯ ಹಾಗೆ, ಜಡೆಯ ಹಾಗೆ. ಹುರಿಯ ತುದಿ ಬಿಟ್ಟರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಣೆದದ್ದು ಅಷ್ಟು ಸುಲಭವಾಗಿ ಬಿಚ್ಚುವುದಿಲ್ಲ.

ಹಾಗಾದರೆ ‘ಹೆಣೆದಾರ’ ಎನ್ನಬಹುದಲ್ವಾ? ವ್ಯಾಕರಣಕ್ಕೆ ಸರಿ. ಆದರೆ ಬೇಗ ಓದಿದರೆ ‘ಹೆಣ’ ಮೊದಲು ಕಾಣುತ್ತದೆ. ಹೊಳೆ ದಡದಲ್ಲಿ ಆ ಮಾತು ಬೇಡ. ನನ್ನ ಒಲವು ‘ಜಡೆದಾರ’ದ ಕಡೆ. ಡಬ್ಬಿಯ ಮೇಲಿನ ಲೆಕ್ಕವೂ ಹಾಗೆಯೇ ಕೂತುಬಿಡುತ್ತದೆ: ನಾಲ್ಕೆಳೆ ಜಡೆದಾರ, ಎಂಟೆಳೆ ಜಡೆದಾರ. ನಮ್ಮ ಮನೆಯವಳು ಮಾತ್ರ “ಜಡೆಗೆ ಕಟ್ಟೋದಾ?” ಅಂತ ಕೇಳಿದಳು. ಅದೊಂದು ತೊಡಕು ಇದೆ.

ಹೆಸರು ಯಾಕೆ ಮುಖ್ಯ ಅಂದರೆ, ದಾರದ ಗುಣ ಗೊತ್ತಾಗದೆ ಕೊಂಡರೆ ದುಡ್ಡು ಹೊಳೆಗೇ ಹೋಗುತ್ತದೆ. ನಾಲೆಯಲ್ಲಿ ಕೊರವ ಮೀನಿಗೆ ಜೊಂಡು, ಅಂತರಗಂಗೆ ನಡುವೆ ಕಪ್ಪೆಗೊಂಬೆ (ಮೀನನ್ನು ಸೆಳೆಯುವ ಹುಸಿ ಕಪ್ಪೆ) ಎಸೆಯುವವರಿಗೆ 40, 50 ಪೌಂಡು ಎಳೆತ ತಾಳುವ ದಪ್ಪ ನಾಲ್ಕೆಳೆ ಬೇಕು. ಮೀನಿನ ಜೊತೆ ಒಂದು ಹೊರೆ ಸೊಪ್ಪನ್ನೂ ಎಳೆಯಬೇಕಲ್ಲ. ಚಿಕ್ಕ ಗೊಂಬೆಮೀನನ್ನು ದೂರ ಎಸೆಯುವವರಿಗೆ 10, 15 ಪೌಂಡಿನ ಸಣ್ಣ ಎಂಟೆಳೆ ಚೆನ್ನ. ಅದು ನುಣುಪು, ಗಾಳದ ಕೋಲಿನಲ್ಲಿ ದಾರ ಹಾಯುವ ಬಳೆಗಳಲ್ಲಿ ಸದ್ದಿಲ್ಲದೆ ಜಾರುತ್ತದೆ. ಆದರೆ ಬಂಡೆಗಳ ನಡುವೆ ಹಿಟ್ಟಿನುಂಡೆ ಹಾಕಿ ಕಾಟ್ಲಾ, ರೋಹುವಿಗೆ ಕಾಯುವವರು ಜಡೆದಾರಕ್ಕೆ ಹೋಗದಿರುವುದೇ ಒಳ್ಳೆಯದು. ಕಲ್ಲಿಗೆ ಉಜ್ಜಿದರೆ ಅದು ಬೇಗ ಸವೆದು ಕಡಿಯುತ್ತದೆ. ಅಲ್ಲಿಗೆ ಹಳೆಯ ಒಂಟಿ ಎಳೆಯ ನೈಲಾನೇ ಸರಿ.

ಇಲ್ಲಿ ಇನ್ನೊಂದು ಪದ ಬೇಕಾಗುತ್ತದೆ. ನೈಲಾನ್ ಎಳೆದರೆ ಉದ್ದವಾಗುತ್ತದೆ, ಜಡೆದಾರ ಹೆಚ್ಚುಕಡಿಮೆ ಆಗುವುದೇ ಇಲ್ಲ. ಅದಕ್ಕೇ ಮೀನು ಮುಟ್ಟಿದ್ದೂ ಕೈಗೆ ಗೊತ್ತಾಗುತ್ತದೆ. ಈ ಗುಣಕ್ಕೆ ‘ಹಿಗ್ಗು’ ಅನ್ನಬೇಕೋ ‘ಜಗ್ಗು’ ಅನ್ನಬೇಕೋ? ‘ಜಗ್ಗುವುದಿಲ್ಲ’ ಅಂದರೆ ಗಟ್ಟಿ ಅನ್ನುವುದೂ ಬರುತ್ತದೆ, ಮಣಿಯುವುದಿಲ್ಲ ಅನ್ನುವುದೂ ಬರುತ್ತದೆ. ಆದರೆ ‘ಮೀನು ಜಗ್ಗಿತು’ ಅಂದರೆ ಎಳೆಯಿತು ಅಂತ. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಗೊಂದಲ. ಹಾಗಾಗಿ ದಾರಕ್ಕೆ ‘ಹಿಗ್ಗು’, ಮೀನಿಗೆ ‘ಜಗ್ಗು’ ಎಂದು ನಾನು ಬಿಡಿಸಿಕೊಂಡಿದ್ದೇನೆ.

ಪೌಂಡಿನ ಕಥೆಯೂ ಹೀಗೆಯೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು (ಮಹಶೀರ್) ಹಿಡಿದಿದ್ದರು. ಅಲ್ಲಿ ಪೌಂಡು ಮೀನಿನ ತೂಕ, ಸುಮಾರು 54 ಕೆಜಿ. ದಾರದ ಡಬ್ಬಿಯಲ್ಲಿ ಪೌಂಡು ಅಂದರೆ ಕಡಿಯುವ ಮುಂಚೆ ತಾಳುವ ಎಳೆತ. ನಾನು ಚೀಟಿಯಲ್ಲಿ ‘20 ಪೌಂಡು ತಾಳುವ’ ಎಂದು ಬರೆದಿದ್ದರೆ ಮಾವ ಕೆಜಿ ಲೆಕ್ಕಕ್ಕೆ ಇಳಿಯುತ್ತಿರಲಿಲ್ಲ.

ಮೊಬೈಲಿನ ಅನುವಾದ ನೋಡೋಣ ಅಂದರೆ ಅದು ಇನ್ನೂ ಚೆಂದ. ‘ನಿಮ್ಮ ಹೆಣೆಯಲ್ಪಟ್ಟ ಸಾಲಿಗೆ ಒಬ್ಬ ನಾಯಕನನ್ನು ಕಟ್ಟಿ’ ಎಂದು ತೋರಿಸಿತು! ವಿಷಯ ಇಷ್ಟೇ: ಜಡೆದಾರ ತಿಳಿನೀರಿನಲ್ಲಿ ಮೀನಿಗೆ ಕಾಣುತ್ತದೆ. ಹಾಗಾಗಿ ಗಾಳಕ್ಕೂ ಅದಕ್ಕೂ ನಡುವೆ ಒಂದೆರಡು ಮಾರು ಫ್ಲೋರೋಕಾರ್ಬನ್ ದಾರ ಕಟ್ಟುತ್ತಾರೆ. ಅದನ್ನು ಲೀಡರ್ ಅನ್ನುತ್ತಾರೆ. ‘ತುದಿದಾರ’ ಅಂದರೆ ಮಾವನಿಗೂ ತಕ್ಷಣ ತಿಳಿಯಿತು.

ಕೊನೆಗೆ ಒಂದು ಹಳೆಯ ಮಾತು. ಒಂಟಿ ಎಳೆಯ ನೈಲಾನಿಗೆ ಚಿಕ್ಕಂದಿನಲ್ಲಿ ನಾವೆಲ್ಲ ‘ಟಂಗೂಸು’ ಅನ್ನುತ್ತಿದ್ದೆವು. ತಮಿಳಿನಲ್ಲಿ ‘ತಂಗೂಸಿ’ ಇದೆ. ಅದು ನಮಗೆ ಅಲ್ಲಿಂದ ಬಂತೋ, ಇಬ್ಬರಿಗೂ ಬೇರೆ ಕಡೆಯಿಂದ ಬಂತೋ? ಮಳವಳ್ಳಿ, ತಿ. ನರಸೀಪುರದ ಕಡೆ ಕಾವೇರಿ ದಡದ ಮೀನುಗಾರರ ಮನೆಗಳಲ್ಲಿ ಹೆಣೆದ ದಾರಕ್ಕೂ ಹುರಿಗೊಳಿಸಿದ ದಾರಕ್ಕೂ ಬೇರೆ ಬೇರೆ ಹೆಸರು ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ. ಅಂಥ ಪದ ಒಂದು ಸಿಕ್ಕರೆ ನನ್ನ ‘ಜಡೆದಾರ’ವನ್ನು ಖುಷಿಯಿಂದ ವಾಪಸ್ ತಗೊಳ್ಳುತ್ತೇನೆ.