ಪದಚರ್ಚೆ: ‘ಕ್ಯಾನ್ಸರ್ ಲಸಿಕೆ’, ‘ಸ್ವಯಂ ರೋಗನಿರೋಧಕ ಕಾಯಿಲೆ’ – ಸರಿಯಾದ ಪದ ಯಾವುದು?

ಗೆಳೆಯರೇ,

ಚರ್ಮದ ಕ್ಯಾನ್ಸರಿನ ಲಸಿಕೆಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಬರಹ ತಯಾರು ಮಾಡುತ್ತಿದ್ದೇನೆ. ತೊನ್ನು, ಮೈಮೇಲೆ ಬೊಬ್ಬೆಗಳೇಳುವ ಪೆಂಫಿಗಸ್‌ನಂಥ ಕಾಯಿಲೆಗಳ ಮಾತೂ ಅದರಲ್ಲೇ ಬರುತ್ತದೆ. ಕ್ಯಾನ್ಸರಿನಲ್ಲಿ ಮೈ ತನ್ನದೇ ಕೆಟ್ಟುಹೋದ ಜೀವಕೋಶಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ. ತೊನ್ನಿನಲ್ಲಿ ತನ್ನದೇ ಒಳ್ಳೆಯ ಜೀವಕೋಶಗಳ ಮೇಲೆ ಎರಗುತ್ತದೆ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳೋಕೆ ಆಗುವುದಿಲ್ಲ. ಆದರೆ ಈಗ ಬಳಕೆಯಲ್ಲಿರುವ ಪದಗಳನ್ನು ಹಾಕಿದರೆ ಒಂದು ಪ್ಯಾರಾ ಹೇಳಿದ್ದನ್ನು ಮುಂದಿನ ಪ್ಯಾರಾ ಅಲ್ಲಗಳೆಯುತ್ತದೆ. ಬಲ್ಲವರು ನೋಡಿ ಹೇಳಬೇಕು.

ಮೊದಲು ‘ಲಸಿಕೆ’. ಈ ಪದ ಕೇಳಿದ ತಕ್ಷಣ ಕಾಯಿಲೆ ಬಾರದಂತೆ ಮೊದಲೇ ಹಾಕಿಸಿಕೊಳ್ಳುವುದು ಅಂತಲೇ ನಮ್ಮ ತಲೆಗೆ ಬರುವುದು. ಗರ್ಭಕೊರಳಿನ ಕ್ಯಾನ್ಸರಿಗೆ ಕೊಡುವ ಎಚ್‌ಪಿವಿ ಲಸಿಕೆ ಹಾಗೆಯೇ ಇದೆ. ಅದು ವೈರಸ್ಸನ್ನು ತಡೆಯುತ್ತದೆ, ಅದರಿಂದ ಕ್ಯಾನ್ಸರೂ ತಪ್ಪುತ್ತದೆ. ಆದರೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಈಗ ಪ್ರಯೋಗದಲ್ಲಿರುವುದು ಬೇರೆ ತರಹದ್ದು. ಗಡ್ಡೆ ಬಂದು, ಅದನ್ನು ಕತ್ತರಿಸಿ ತೆಗೆದ ಮೇಲೆ ಇದನ್ನು ಕೊಡುತ್ತಾರೆ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳ ಲಸಿಕೆಯಲ್ಲಿ ಪ್ರತಿ ರೋಗಿಯ ಗಡ್ಡೆಯ ಡಿಎನ್‌ಎ ಓದಿ, ಅದರಲ್ಲಿ ಮಾತ್ರ ಇರುವ ಬದಲಾವಣೆಗಳನ್ನು ಹೆಕ್ಕಿ, ಹೆಚ್ಚೆಂದರೆ 34ನ್ನು ಆರಿಸಿ, ಅವನ್ನು ಎಂಆರ್‌ಎನ್‌ಎ (ಯಾವ ಪ್ರೋಟೀನು ಮಾಡಬೇಕೆಂದು ಜೀವಕೋಶಕ್ಕೆ ಹೇಳುವ ಸಂದೇಶ) ರೂಪದಲ್ಲಿ ಚುಚ್ಚುತ್ತಾರೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. 157 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶವನ್ನು 2022ರ ಡಿಸೆಂಬರಿನಲ್ಲಿ ಹೊರಗೆ ಹೇಳಿದರು. ರೋಗನಿರೋಧಕ ವ್ಯವಸ್ಥೆಗೆ ಕ್ಯಾನ್ಸರ್ ಹಾಕಿದ ತಡೆಯನ್ನು ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಯನ್ನು ಎಲ್ಲರಿಗೂ ಕೊಟ್ಟಿದ್ದರು. ಅದರ ಜೊತೆಗೆ ಲಸಿಕೆಯನ್ನೂ ಪಡೆದವರಲ್ಲಿ, ಕ್ಯಾನ್ಸರ್ ಮರಳುವ ಅಥವಾ ಸಾವು ಬರುವ ಅಪಾಯ ಔಷಧಿಯನ್ನಷ್ಟೇ ಪಡೆದವರಿಗಿಂತ 44% ಕಡಿಮೆ ಇತ್ತು. ದೊಡ್ಡ ಪ್ರಯೋಗ 2023ರಲ್ಲಿ ಶುರುವಾಯಿತು.

ಇದನ್ನು ‘ಚರ್ಮದ ಕ್ಯಾನ್ಸರ್ ಲಸಿಕೆ’ ಎಂದು ತಲೆಬರಹ ಕೊಟ್ಟರೆ ಓದುಗರು ಏನು ಕೇಳುತ್ತಾರೆ? ನಾನೂ ಹಾಕಿಸಿಕೊಳ್ಳಬಹುದಾ ಅಂತ. ಅದಕ್ಕೆ ಕೆಲವರು ‘ಲಸಿಕೆ ಅನ್ನಬೇಡಿ, ಚುಚ್ಚುಮದ್ದು ಅನ್ನಿ’ ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಚುಚ್ಚಿ ಕೊಡುವ ಮದ್ದೆಲ್ಲ ಚುಚ್ಚುಮದ್ದೇ. ಪೆಂಬ್ರೊಲಿಜುಮ್ಯಾಬನ್ನೂ ಚುಚ್ಚಿಯೇ ಕೊಡುವುದು. ಮೈಗೆ ಪಾಠ ಕಲಿಸುವ ಮದ್ದು ಎಂಬ ಅರ್ಥ ಅದರಲ್ಲಿಲ್ಲ. ಅಲ್ಲದೆ ಮುಂಚೆಯೇ ಕೊಟ್ಟರೆ ಮಾತ್ರ ಲಸಿಕೆ ಅನ್ನುವುದೂ ಪೂರ್ತಿ ನಿಜವಲ್ಲ. ಹುಚ್ಚುನಾಯಿ ಕಚ್ಚಿದ ಮೇಲೆ ಕೊಡುವುದೂ ಲಸಿಕೆಯೇ ಅಲ್ವಾ? ಇಂಗ್ಲಿಷಿನ ‘ವ್ಯಾಕ್ಸೀನ್’ ಪದವೂ ಹೀಗೇ ಹಿಗ್ಗಿದೆ. ಅದು ಹಸು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂತು. 1796ರಲ್ಲಿ ಜೆನ್ನರ್ ಎಂಬ ವೈದ್ಯರು ಸಿಡುಬು ತಡೆಯಲು ಬಳಸಿದ್ದು ಹಸುವಿನ ಸಿಡುಬಿನ ಕೀವು. 1881ರಲ್ಲಿ ಪಾಸ್ಚರ್, ಜೆನ್ನರ್ ಮೇಲಿನ ಗೌರವಕ್ಕೆ ಇಂಥ ಎಲ್ಲ ಮದ್ದುಗಳಿಗೂ ಅದೇ ಹೆಸರು ಇರಲಿ ಎಂದರು. ಹಸುವಿಗೂ ಅದಕ್ಕೂ ಸಂಬಂಧ ಅಲ್ಲಿಗೆ ಮುಗಿಯಿತು.

ನಮ್ಮ ಪದದ ಬೇರು ಇನ್ನೂ ಚೆನ್ನಾಗಿದೆ. ಚರ್ಮದ ಅಡಿಯಲ್ಲಿದ್ದು, ಗಾಯವಾದಾಗ ಒಸರುವ ನೀರಿಗೆ ಚರಕಸಂಹಿತೆಯಲ್ಲಿ ಲಸೀಕಾ ಎಂಬ ಹೆಸರಿದೆ. ಅಂದರೆ ಪದ ಹುಟ್ಟಿದ್ದೇ ಚರ್ಮದಲ್ಲಿ. ಹಾಗಾಗಿ ಲಸಿಕೆಯನ್ನು ಉಳಿಸಿಕೊಂಡು, ‘ಚಿಕಿತ್ಸಾ ಲಸಿಕೆ’ ಎಂದು ಮುಂದೊಂದು ಮಾತು ಸೇರಿಸುವುದು ನನ್ನ ಅಂದಾಜು. ‘ಗುಣಪಡಿಸುವ ಲಸಿಕೆ’ ಬೇಡ, ಗುಣವಾಗೇ ಆಗುತ್ತದೆ ಎಂಬ ಭರವಸೆ ಕೊಟ್ಟಂತಾಗುತ್ತದೆ.

ನಿಜವಾದ ತಲೆನೋವು ಮುಂದಿನದು.

‘ರೋಗನಿರೋಧಕ ಶಕ್ತಿ’ ಎಂದು ನಾವೆಲ್ಲ ಬರೆಯುತ್ತೇವೆ, ಮಾತಿನಲ್ಲೂ ಹೇಳುತ್ತೇವೆ. ಶಕ್ತಿ ಅಂದಮೇಲೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಭಾವನೆ ತಾನಾಗಿ ಬರುತ್ತದೆ. ಮಾರುವವರಿಗೆ ಅದು ಅನುಕೂಲ, ಬಿಡಿ. ಈ ಪದ ಇಟ್ಟುಕೊಂಡು ತೊನ್ನನ್ನು ವಿವರಿಸಲು ಹೋಗಿ ನೋಡಿ. ಮೈ ತನ್ನ ಮೇಲೆ ತಾನೇ ಎರಗುವ ಇಂಥ ಕಾಯಿಲೆಗೆ, ಅಂದರೆ ಇಂಗ್ಲಿಷಿನ ‘ಆಟೋಇಮ್ಯೂನ್’ ಕಾಯಿಲೆಗೆ, ‘ಸ್ವಯಂ ರೋಗನಿರೋಧಕ ಕಾಯಿಲೆ’ ಎಂಬ ಪದ ಪತ್ರಿಕೆಗಳಲ್ಲಿ ಸಿಗುತ್ತದೆ. ವಿಷಯ ಗೊತ್ತಿಲ್ಲದವರು ಓದಿದರೆ, ತಾನೇ ತಾನಾಗಿ ರೋಗ ತಡೆಯುವ ಕಾಯಿಲೆ ಎಂದು ಅರ್ಥವಾಗುತ್ತದೆ! ‘ಸ್ವಯಂ ನಿರೋಧಕ’ ಎಂದು ಚಿಕ್ಕದು ಮಾಡಿದರೆ ತನ್ನನ್ನು ತಾನೇ ತಡೆಯುವುದು ಎಂದಾಗುತ್ತದೆ. ‘ಸ್ವಪ್ರತಿರಕ್ಷಾ ಕಾಯಿಲೆ’ ಅರ್ಥದಲ್ಲಿ ಅಷ್ಟು ದೂರ ಹೋಗುವುದಿಲ್ಲ, ಆದರೆ ನಾಲಿಗೆ ಹೊರಳುವುದಿಲ್ಲ.

ಇದರ ಮೇಲೆ ‘ನಿರೋಧಕ’ಕ್ಕೆ ಇನ್ನೂ ಎರಡು ಕೆಲಸ ಅಂಟಿಕೊಂಡಿವೆ. ತೊನ್ನಿಗೆ ಹಚ್ಚಲು 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ರಕ್ಸೊಲಿಟಿನಿಬ್ ಮುಲಾಮು ಜಾಕ್ ಎಂಬ ಕಿಣ್ವಗಳನ್ನು ತಡೆಯುತ್ತದೆ. ಅದನ್ನು ‘ಜಾಕ್ ನಿರೋಧಕ’ ಎನ್ನುತ್ತಾರೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಕ್ಕೂ ‘ನಿರೋಧಕ’ ಎಂದೇ ಬರೆಯುತ್ತಾರೆ. ಎಲ್ಲ ಸೇರಿಸಿ ‘ಸ್ವಯಂ ರೋಗನಿರೋಧಕ ಕಾಯಿಲೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಜಾಕ್ ನಿರೋಧಕ’ ಎಂದು ಬರೆದರೆ ಓದುವವರು ಪುಟ ತಿರುವುತ್ತಾರೆ.

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ಇಂಥ ಕಾಯಿಲೆಗಳಿಗೆ ಬಹಳ ಮಂದಿ ಬಳಸುತ್ತಾರೆ. ಕೇಳಲು ಸೊಗಸಾಗಿದೆ. ನನಗೆ ಮಾತ್ರ ಅದು ಸರಿ ಕೂರುತ್ತಿಲ್ಲ. ಗಾದೆಯ ಬೇಲಿ ದ್ರೋಹ ಬಗೆದಿದೆ. ಇಲ್ಲಿ ದ್ರೋಹ ಏನೂ ಇಲ್ಲ. ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳು ತಾವು ಹಿಡಿದ ಗುರುತಿನ ಮೇಲೆ ತಮ್ಮ ಕೆಲಸವನ್ನೇ ಮಾಡುತ್ತಿವೆ. ಆ ಗುರುತು ಎಲ್ಲೆಲ್ಲಿದೆ ಎಂಬುದರ ಮೇಲೆ ಕೆಡುಕೋ ಒಳಿತೋ ತೀರ್ಮಾನವಾಗುತ್ತದೆ.

ಮೆಲನೋಮವನ್ನೇ ನೋಡಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಜೀವಕೋಶಗಳಿಂದಲೇ ಈ ಕ್ಯಾನ್ಸರ್ ಹುಟ್ಟುವುದು. ತೊನ್ನಿನಲ್ಲಿ ಸಾಯುವುದೂ ಅವೇ ಮೆಲನೋಸೈಟ್‌ಗಳು. ಎರಡರ ಮೈಮೇಲೂ ಜಿಪಿ100, ಮಾರ್ಟ್-1, ಟೈರೋಸಿನೇಸ್‌ನಂಥ ಪ್ರೋಟೀನುಗಳ ತುಣುಕುಗಳಿರುತ್ತವೆ. ಹಿಂದಿನ ಹಲವು ಲಸಿಕೆ ಪ್ರಯೋಗಗಳು ಈ ಗುರುತುಗಳನ್ನೇ ಹಿಡಿದಿದ್ದವು. ಹಾಗೆ ಮಾಡಿದಾಗ ಕ್ಯಾನ್ಸರಿನ ಜೊತೆ ಚರ್ಮದ ಬಣ್ಣವೂ ಹೋಗಬಹುದು. ಲಸಿಕೆಗಿಂತ ಜೋರಾದ ವಿಧಾನವೊಂದರಲ್ಲಿ ಇದು ಚೆನ್ನಾಗಿ ಕಂಡಿತು. ಮಾರ್ಟ್-1 ಮತ್ತು ಜಿಪಿ100 ಗುರುತು ಹಿಡಿಯುವಂತೆ ತಿದ್ದಿದ ಟಿ ಜೀವಕೋಶಗಳನ್ನು ರೋಗಿಗಳಿಗೆ ಕೊಟ್ಟ ಪ್ರಯೋಗದ ವರದಿ 2009ರಲ್ಲಿ ಅಮೆರಿಕದಿಂದ ಬಂತು. ಕೆಲವರ ಗಡ್ಡೆ ಕರಗಿತು. ಆದರೆ ಚರ್ಮ ಬೆಳ್ಳಗಾಯಿತು, ಕಣ್ಣಿನ ಒಳಗೆ ಉರಿಯೂತವಾಯಿತು, ಕಿವಿ ಮಂದವಾಯಿತು. ಕಣ್ಣಿನಲ್ಲೂ ಒಳಕಿವಿಯಲ್ಲೂ ಮೆಲನೋಸೈಟ್‌ಗಳಿವೆ ಎಂಬುದು ಕಾರಣ.

ಇನ್ನೊಂದು ವಿಚಿತ್ರ. ಪೆಂಬ್ರೊಲಿಜುಮ್ಯಾಬ್‌ನಂಥ ಔಷಧಿ ಪಡೆಯುವ ಮೆಲನೋಮ ರೋಗಿಗಳಲ್ಲಿ ತೊನ್ನು ಕಾಣಿಸಿಕೊಂಡರೆ ಅದು ಒಳ್ಳೆಯ ಸೂಚನೆ. ಅಂಥವರು ಸರಾಸರಿಯಲ್ಲಿ ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಒಂದೇ ಬಿಳಿ ಮಚ್ಚೆ ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಮದ್ದು ಕೆಲಸ ಮಾಡುತ್ತಿದೆ ಎಂಬ ಲಕ್ಷಣ. ಇದನ್ನು ‘ಶಕ್ತಿ’ ಎಂಬ ಪದದಿಂದ ಹೇಗೆ ಹೇಳುವುದು?

ಅದಕ್ಕೆ ಶಕ್ತಿಯನ್ನು ಕೈಬಿಟ್ಟು ‘ಕಾವಲು’, ‘ಗುರುತು’ ಎಂಬ ಎರಡು ಪದಗಳ ಮೇಲೆ ಬರಹವನ್ನು ಕಟ್ಟಬಹುದೇ ಎಂದು ಯೋಚಿಸುತ್ತಿದ್ದೇನೆ. ರೋಗನಿರೋಧಕ ವ್ಯವಸ್ಥೆಗೆ ‘ಮೈಕಾವಲು’. ‘ಪ್ರತಿಜನಕ’ ಎಂದು ಪಠ್ಯಪುಸ್ತಕಗಳು ಕರೆಯುವುದಕ್ಕೆ ‘ಗುರುತು’. ಗಡ್ಡೆಯಲ್ಲಿ ಮಾತ್ರ ಹೊಸದಾಗಿ ಹುಟ್ಟಿದ್ದಕ್ಕೆ ‘ನವಪ್ರತಿಜನಕ’ದ ಬದಲು ‘ಹೊಸಗುರುತು’. ಈಗಿನ ಎಂಆರ್‌ಎನ್‌ಎ ಲಸಿಕೆ ಹೊಸಗುರುತುಗಳನ್ನೇ ಆರಿಸುವುದು ಯಾಕೆ ಎಂಬುದು ಆಗ ಬಿಡಿಸಿ ಹೇಳದೆಯೂ ತಿಳಿಯುತ್ತದೆ: ಆ ಗುರುತು ಒಳ್ಳೆಯ ಮೆಲನೋಸೈಟ್‌ಗಳಲ್ಲಿ ಇಲ್ಲ. ತೊನ್ನಿನಂಥವಕ್ಕೆ ‘ತನ್ನೆರಗು ಕಾಯಿಲೆ’ ಎಂದರೆ ಹೇಗೆ? ತನ್ನ ಮೇಲೆ ತಾನೇ ಎರಗುವುದು ಎಂಬ ಅರ್ಥದಲ್ಲಿ. ಕಿವಿಗೆ ಹೊಸತು, ಒಪ್ಪುತ್ತೇನೆ. ‘ಎರಗು’ ಎಂದರೆ ನಮಸ್ಕರಿಸು ಎಂಬ ಅರ್ಥವೂ ಇರುವುದರಿಂದ ಯಾರಾದರೂ ನಗಬಹುದು.

‘ಆಟೋಇಮ್ಯೂನ್’ ಎಂದೇ ಕನ್ನಡ ಅಕ್ಷರದಲ್ಲಿ ಬರೆದು ಮುಂದೆ ಹೋಗಿ ಎನ್ನುವವರೂ ಇದ್ದೀರಿ. ವೈದ್ಯರ ಬಳಿ ಹೋದಾಗ ಕಿವಿಗೆ ಬೀಳುವುದು ಆ ಪದವೇ, ಹಾಗಾಗಿ ಒಮ್ಮೆ ಕೊಡಲೇಬೇಕು. ಆದರೆ ಅದೊಂದೇ ಇದ್ದರೆ ಓದುಗರಿಗೆ ಏನೂ ಹೊಳೆಯುವುದಿಲ್ಲ.

‘ಶ್ವೇತಕುಷ್ಠ’ ಮಾತ್ರ ದಯವಿಟ್ಟು ಯಾರೂ ಸೂಚಿಸಬೇಡಿ. ತೊನ್ನು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ‘ಸಹಿಷ್ಣುತೆ’. ತನ್ನ ಮೈಯನ್ನು ತಾನು ಮುಟ್ಟದೆ ಬಿಡುವ ಗುಣಕ್ಕೆ ಈ ಪದವಿದೆ. ಕಾವಲನ್ನು ಹದ್ದುಬಸ್ತಿನಲ್ಲಿಡುವ ಟಿ ಜೀವಕೋಶಗಳ ಕೆಲಸಕ್ಕಾಗಿ 2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಗುಚಿ ಅವರಿಗೆ ಬಂದಾಗ ಈ ವಿಷಯ ಮತ್ತೆ ಸುದ್ದಿಯಾಯಿತು. ಆದರೆ ಹಾಲು ಒಗ್ಗದವರಿಗೆ ‘ಲ್ಯಾಕ್ಟೋಸ್ ಅಸಹಿಷ್ಣುತೆ’ ಎನ್ನುತ್ತೇವೆ, ಅದಕ್ಕೂ ಮೈಕಾವಲಿಗೂ ನಂಟಿಲ್ಲ. ‘ಸಹನೆ’ ಸಾಕಲ್ವಾ?

ಇಲ್ಲಿಗೆ ಲಸಿಕೆಯ ಪ್ರಶ್ನೆ ಮತ್ತೆ ತಿರುಗಿ ಬರುತ್ತದೆ. ಸಹನೆಯನ್ನು ಕಲಿಸುವ ಲಸಿಕೆಗಳ ಸಂಶೋಧನೆಯೂ ನಡೆದಿದೆ. ಶಿಕಾಗೊ ವಿಶ್ವವಿದ್ಯಾಲಯದ ಜೆಫ್ರಿ ಹಬ್ಬೆಲ್ ಅವರ ತಂಡ 2023ರಲ್ಲಿ ಇಲಿಗಳ ಮೇಲೆ ಇದನ್ನು ತೋರಿಸಿತು. ಮೈಕಾವಲು ತಪ್ಪಾಗಿ ಎರಗುತ್ತಿದ್ದ ಗುರುತಿಗೆ ಒಂದು ಸಕ್ಕರೆಯ ಅಣುವನ್ನು ಕಟ್ಟಿ ಒಳಗೆ ಬಿಟ್ಟರು. ಅದು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಮೈಕಾವಲು ಇದು ನಮ್ಮದೇ ಎಂದು ಕಲಿಯುತ್ತದೆ. ನರಗಳ ಮೇಲಿನ ಎರಗಾಟ ನಿಂತಿತು. ಅವರು ಪ್ರಯೋಗ ಮಾಡಿದ್ದು ಚರ್ಮದ ಕಾಯಿಲೆಯ ಮೇಲಲ್ಲ. ಆದರೆ ಪೆಂಫಿಗಸ್‌ನಲ್ಲಿ ಮೈ ಯಾವ ಗುರುತಿನ ಮೇಲೆ ಎರಗುತ್ತದೆ ಎಂಬುದು ಚೆನ್ನಾಗಿ ಗೊತ್ತಿದೆ: ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಡೆಸ್ಮೊಗ್ಲೀನ್. ಅಂಟು ಬಿಟ್ಟು ಬೊಬ್ಬೆಗಳೇಳುತ್ತವೆ. ಇಂಥ ಕಡೆ ಗುರುತನ್ನು ಮರೆಸುವ ದಾರಿ ಹುಡುಕುವುದು ಸಹಜ.

ಈ ಬಗೆಯ ಲಸಿಕೆಯನ್ನು ಇಂಗ್ಲಿಷಿನಲ್ಲಿ ತಿರುವುಮುರುವಾದದ್ದು ಎಂಬ ಅರ್ಥದ ‘ಇನ್ವರ್ಸ್’ ಪದದಿಂದ ಕರೆಯುತ್ತಾರೆ. ‘ವಿಲೋಮ ಲಸಿಕೆ’ ಎಂದು ಒಬ್ಬರು ಸೂಚಿಸಿದರು. ಗಣಿತದ ವಾಸನೆ ಬರುತ್ತದೆ. ‘ಉಲ್ಟಾ ಲಸಿಕೆ’ ಎಂದರೆ ಅಡ್ಡಪರಿಣಾಮ ಆಗಿದೆ ಎಂದುಕೊಳ್ಳುತ್ತಾರೆ. ‘ಸಹನೆ ಲಸಿಕೆ’ ನನಗೆ ಇಷ್ಟ. ‘ಮರೆಸುವ ಲಸಿಕೆ’ಯೂ ಆಗಬಹುದೇನೋ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ಬರಹದ ನಡುವೆ ಬರುವ ಸಾಲು ಇದು: ‘ಚಿಕಿತ್ಸಾ ಲಸಿಕೆ ಮೈಕಾವಲಿಗೆ ಗಡ್ಡೆಯ ಹೊಸಗುರುತುಗಳನ್ನು ಕಲಿಸುತ್ತದೆ, ಸಹನೆ ಲಸಿಕೆ, ತನ್ನೆರಗು ಕಾಯಿಲೆಗಳಲ್ಲಿ, ಮೈಯದೇ ಗುರುತುಗಳನ್ನು ಬಿಟ್ಟುಬಿಡಲು ಕಲಿಸುತ್ತದೆ.’ ಇದನ್ನು ವೈದ್ಯರಲ್ಲದ ಯಾರಿಗಾದರೂ ಓದಿ ಹೇಳಿ. ಎಲ್ಲಿ ತಡವರಿಸಿದರು, ಎಲ್ಲಿ ‘ಏನದು?’ ಎಂದರು ಎಂಬುದನ್ನು ಇಲ್ಲಿ ಬರೆಯಿರಿ. ‘ತನ್ನೆರಗು’ ಬಿದ್ದುಹೋದರೆ ಬೇಜಾರಿಲ್ಲ, ಆದರೆ ಬದಲಿಗೆ ಒಂದು ಪದ ಕೊಟ್ಟು ಬೀಳಿಸಿ.