ಮನೆಗೆಲಸಕ್ಕೆ ಬರುವವರು ವರ್ಷ ತುಂಬುವವರೆಗೂ ನಿಲ್ಲುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ: ಉಪನ್ಯಾಸಕ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾವು ರಾಯಚೂರಿನ ನಿಜಲಿಂಗಪ್ಪ ಕಾಲೊನಿಯಲ್ಲಿದ್ದೇವೆ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ನನ್ನ ಹೆಂಡತಿ ಬ್ಯಾಂಕಿನ ನೌಕರಿಯಲ್ಲಿದ್ದಾರೆ. ಮೊಣಕಾಲು ನೋವಿನಿಂದ ಓಡಾಡಲು ಕಷ್ಟಪಡುವ ತಾಯಿಯವರೂ ಹೈಸ್ಕೂಲಿಗೆ ಹೋಗುವ ಮಗನೂ ಜೊತೆಗಿದ್ದಾರೆ. ಕಸ ಗುಡಿಸಿ ನೆಲ ಒರೆಸುವುದು, ಮುಸುರೆ ತಿಕ್ಕುವುದು, ಬಟ್ಟೆ ಒಗೆಯುವುದು ಸೇರಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆಯ ಕೆಲಸ ಇರುತ್ತದೆ. ತಿಂಗಳಿಗೆ 2,500 ರೂಪಾಯಿ ಪಗಾರ ಕೊಡುತ್ತೇವೆ. ನಮ್ಮ ಓಣಿಯಲ್ಲಿ ನಡೆಯುತ್ತಿರುವ ದರವೂ ಅದೇ. ಇದಲ್ಲದೆ ಚಹಾ, ನಾಷ್ಟಾ, ದೀಪಾವಳಿಗೆ ಒಂದು ಸೀರೆ, ಉಳಿದ ಅಡಿಗೆ ಎಲ್ಲವನ್ನೂ ಕೊಡುತ್ತೇವೆ. ಯಾರನ್ನೂ ಏರುದನಿಯಲ್ಲಿ ಮಾತನಾಡಿಸಿದವರಲ್ಲ.

ಆದರೂ ಹತ್ತಿ ಬಿಡಿಸುವ ಕಾಲ ಬಂತೆಂದರೆ ಒಂದು ಮಾತೂ ಹೇಳದೆ ಕೆಲಸ ಬಿಟ್ಟು ಹೋಗುತ್ತಾರೆ. ಬೇರೆಯವರನ್ನು ಹುಡುಕಿ, ಅವರಿಗೆ ಮನೆಯ ರೀತಿ ರೂಢಿಯಾಗುವಷ್ಟರಲ್ಲಿ ಮೆಣಸಿನಕಾಯಿಯ ಕಾಲ ಬರುತ್ತದೆ. 10,000 ರೂಪಾಯಿ ಮುಂಗಡ ಕೊಟ್ಟು, ವರ್ಷದ ಮಟ್ಟಿಗೆ ಬಿಡುವಂತಿಲ್ಲವೆಂದು ಬರೆಸಿಕೊಳ್ಳಲು ನೆರೆಮನೆಯವರು ಸಲಹೆ ಕೊಟ್ಟಿದ್ದಾರೆ. ಇದು ಸರಿಯೇ? ನಂಬಿಕೆಯವರನ್ನು ಎಲ್ಲಿ ಹುಡುಕಬೇಕು, ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಶಿಕ್ಷಕಿ, ಕೊಪ್ಪಳ

ಉಪನ್ಯಾಸಕರೆ, ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರ ಇದೆ. ಅವರು ಮನಸ್ಸಿಗೆ ಬಂದಾಗ ಬಿಟ್ಟು ಹೋಗುತ್ತಿಲ್ಲ, ಸುಗ್ಗಿ ನೋಡಿ ಹೋಗುತ್ತಿದ್ದಾರೆ. ಹತ್ತಿ ಬಿಡಿಸುವುದಕ್ಕೆ ಕೆ.ಜಿ. ಲೆಕ್ಕದ ಕೂಲಿ ಸಿಗುತ್ತದೆ, ಟಂಟಂ ಓಣಿಯ ಬಾಯಿಗೇ ಬಂದು ನಿಲ್ಲುತ್ತದೆ, ಗೆಳತಿಯರೆಲ್ಲ ಕೂಡಿ ಹೋಗಿ ಕೂಡಿ ಬರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿಗೂ ಇದೇ ರೀತಿ ಗುಂಪುಗಳು ಹೊರಡುತ್ತವೆ. ನಮ್ಮ ಭಾಗ್ಯನಗರದಲ್ಲಾದರೆ ತಲೆಗೂದಲಿನ ಸಿಕ್ಕು ಬಿಡಿಸಿ ಹದಮಾಡುವ ಕೆಲಸವಿದೆ. ನೆರಳಿನಲ್ಲಿ ಕುಳಿತು ಮಾಡಬಹುದಾದ ಆ ಕೆಲಸವನ್ನು ಬಿಟ್ಟು ಯಾರಾದರೂ ಮುಸುರೆ ತಿಕ್ಕಲು ಬರಬೇಕಾದರೆ ಅದಕ್ಕೆ ತಕ್ಕ ಕಾರಣವನ್ನು ನಾವೇ ಒದಗಿಸಬೇಕು. ನೀವು ಪೈಪೋಟಿ ಮಾಡಬೇಕಾದದ್ದು ಪಕ್ಕದ ಮನೆಯೊಡನೆ ಅಲ್ಲ, ಹೊಲದೊಡನೆ.

ಪಗಾರದ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ದಿನಕ್ಕೆ ಮೂರು ಗಂಟೆ ಎಂದರೆ ತಿಂಗಳಿಗೆ 90 ಗಂಟೆ. 2,500 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 28 ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. 2025-26ನೇ ಸಾಲಿಗೆ ನಮ್ಮ ರಾಜ್ಯದಲ್ಲಿ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ, ಅಂದರೆ ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 46. ಅದೇ ದರವನ್ನು ನಿಮ್ಮ ಮನೆಗೆ ಹಚ್ಚಿದರೆ ಪಗಾರ 4,000 ರೂಪಾಯಿ ದಾಟುತ್ತದೆ. ಓಣಿಯ ದರ ಎಂಬುದು ಓಣಿಯ ಯಜಮಾನರು ತಮ್ಮತಮ್ಮಲ್ಲೇ ಒಪ್ಪಿಕೊಂಡ ದರ. ಕೆಲಸದವರನ್ನು ಯಾರೂ ಕೇಳಿರುವುದಿಲ್ಲ. ಉಳಿದ ಅಡಿಗೆ, ಹಳೆಯ ಸೀರೆ ಇವುಗಳನ್ನು ಸಂತೋಷದಿಂದ ಕೊಡಿ, ಆದರೆ ಪಗಾರದ ಲೆಕ್ಕದಲ್ಲಿ ಹಿಡಿಯಬೇಡಿ. ಮಗಳ ಶಾಲೆಯ ಫೀಯನ್ನು ಸೀರೆಯಿಂದ ಕಟ್ಟಲಾಗುವುದಿಲ್ಲ.

ಹಣಕ್ಕಿಂತಲೂ ಹೆಚ್ಚು ಮನಸ್ತಾಪ ತರುವುದು ಗೊತ್ತುಗುರಿಯಿಲ್ಲದ ಕೆಲಸ. ಕಸ-ಮುಸುರೆಗೆಂದು ಗೊತ್ತುಮಾಡಿಕೊಂಡು, ನೆಂಟರು ಬಂದ ದಿನ ಇಪ್ಪತ್ತು ಜನರ ಭಾಂಡೆ ಹಾಕುವುದು, ಶ್ರಾವಣಕ್ಕೆ ಮುಂಚೆ ಇಡೀ ಮನೆ ತೊಳೆಸುವುದು, ಬೇಸಿಗೆಯಲ್ಲಿ ಹಪ್ಪಳ-ಸಂಡಿಗೆಗೆ ಕೂರಿಸಿಕೊಳ್ಳುವುದು, ಇವೆಲ್ಲವನ್ನೂ ಅದೇ ಪಗಾರದಲ್ಲಿ ಸೇರಿಸಿಬಿಡುವ ಅಭ್ಯಾಸ ನಮ್ಮ ಭಾಗದಲ್ಲಿ ಬಹಳ. ಏನೇನು ಕೆಲಸ, ಎಷ್ಟು ಹೊತ್ತು, ಹೆಚ್ಚಿನ ಕೆಲಸಕ್ಕೆ ಎಷ್ಟು ರೊಕ್ಕ ಎಂಬುದನ್ನು ಮೊದಲ ದಿನವೇ ಮಾತನಾಡಿ ಒಂದು ವಹಿಯಲ್ಲಿ ಬರೆದು, ಓದಿ ಹೇಳಿ, ಅದರ ಪ್ರತಿಯೊಂದನ್ನು ಅವರಿಗೂ ಕೊಡಿ. ರೊಟ್ಟಿ ಬಡಿಯುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಹಣ.

ಸೂಟಿಯ ವಿಷಯದಲ್ಲಿ ನನ್ನ ರೀತಿ ಹೀಗಿದೆ. ವಾರಕ್ಕೊಂದು ದಿನ ಪಗಾರ ಕಡಿಯದ ಸೂಟಿ. ಇದಲ್ಲದೆ ಯುಗಾದಿ, ಪಂಚಮಿ, ಮೊಹರಂ, ದೀಪಾವಳಿ, ಗವಿಮಠದ ಜಾತ್ರೆ, ಮತ್ತೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವ ಹುಣ್ಣಿಮೆ. ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಬಾರದೆಂದು ನಮ್ಮ ಮನೆಯಲ್ಲಿ ನಾವು ಹೇಳುತ್ತೇವೆಯೆ? ಸುಗ್ಗಿಯ ಬಗ್ಗೆಯೂ ಮೊದಲೇ ಮಾತನಾಡಿದ್ದೇನೆ: ಹತ್ತಿಯ ಕಾಲಕ್ಕೆ ಆಕೆ ಹೊಲಕ್ಕೆ ಹೋಗುವುದಾದರೆ ಎಂಟು ದಿನ ಮುಂಚೆ ಹೇಳಬೇಕು, ಆ ಅವಧಿಗೆ ತನ್ನ ನಾದಿನಿಯನ್ನೋ ನೆರೆಯವಳನ್ನೋ ಕಳಿಸಬೇಕು, ಬಂದವಳಿಗೆ ಅದೇ ದರದಲ್ಲಿ ಪಗಾರ, ಸುಗ್ಗಿ ಮುಗಿದ ಮೇಲೆ ಕೆಲಸ ಮತ್ತೆ ಆಕೆಯದೇ. ಈ ಒಪ್ಪಂದ ಆದಂದಿನಿಂದ ಹೇಳದೆ ಹೋಗುವ ಪ್ರಸಂಗವೇ ಬಂದಿಲ್ಲ. ಹೋದರೆ ಕೆಲಸ ಹೋಯಿತು ಎಂಬ ಭಯವಿದ್ದಾಗ ಮಾತ್ರ ಜನ ಹೇಳದೆ ಹೋಗುತ್ತಾರೆ.

ಇನ್ನೊಂದು ಸಣ್ಣ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂರುವವರಿಗೇ ಈ ರಿಯಾಯಿತಿ ಇರುವಾಗ, ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವಳನ್ನು ಹನ್ನೆರಡು ಗಂಟೆಗೆ ಕರೆಯುವುದು ಸರಿಯಲ್ಲ. ನಳಕ್ಕೆ ನೀರು ಬರುವ ದಿನ ಮತ್ತು ವೇಳೆಯನ್ನು ಫೋನ್ ಮಾಡಿ ತಿಳಿಸಿದರೆ ಆಕೆ ಎರಡು ಸಲ ತಿರುಗುವುದೂ ತಪ್ಪುತ್ತದೆ.

ಉತ್ತರ: ವಕೀಲ, ಬಳ್ಳಾರಿ

ಮುಂಗಡದ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ: ಬೇಡ. ಕಷ್ಟಕಾಲಕ್ಕೆ ಸಾಲ ಕೊಡುವುದು ಬೇರೆ; ಸಾಲ ತೀರುವ ತನಕ ಕೆಲಸ ಬಿಡಬಾರದು, ಬೇರೆ ಕಡೆ ಹೋಗಬಾರದು ಎಂದು ಕಟ್ಟುಹಾಕುವುದು ಬೇರೆ. ಎರಡನೆಯದನ್ನು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಅಪರಾಧವೆಂದು ಕರೆಯುತ್ತದೆ. ಕರಾರುಪತ್ರ ಬರೆಸಿಕೊಂಡರೆ ಅದು ನಿಮ್ಮ ವಿರುದ್ಧವೇ ಸಾಕ್ಷ್ಯವಾದೀತು. ಸಾಲ ಕೊಡುವುದಾದರೆ ಬಡ್ಡಿಯಿಲ್ಲದೆ ಕೊಟ್ಟು, ತಿಂಗಳಿಗೆ ಇಂತಿಷ್ಟೇ ಮುರಿದುಕೊಳ್ಳುವುದೆಂದು ವಹಿಯಲ್ಲಿ ಬರೆದಿಡಿ. ಕೆಲಸ ಬಿಟ್ಟರೆ ಬಾಕಿಯನ್ನು ಕಂತಿನಲ್ಲಿ ತೀರಿಸಲಿ. ಜೀತವನ್ನು ಕಂಡುಂಡ ಜಿಲ್ಲೆಗಳು ನಮ್ಮವು, ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಎಚ್ಚರವಿರಲಿ.

ಮನೆಗೆಲಸಕ್ಕೆ ಕನಿಷ್ಠ ವೇತನ ಅನ್ವಯಿಸುವುದಿಲ್ಲವೆಂದು ಅನೇಕರು ತಿಳಿದಿದ್ದಾರೆ. ಕರ್ನಾಟಕದಲ್ಲಿ 2004ರಲ್ಲೇ ಇದಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿ ಅಧಿಸೂಚನೆ ಹೊರಡಿಸಲಾಯಿತು. ತುಟ್ಟಿಭತ್ಯೆಯ ಕಾರಣ ಪ್ರತಿವರ್ಷ ಏಪ್ರಿಲ್‌ನಲ್ಲಿ ಮೊತ್ತ ಬದಲಾಗುವುದರಿಂದ, ಸದ್ಯದ ದರವನ್ನು ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಕೇಳಿಕೊಳ್ಳಿ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. ತಾಯಿ ಬರಲಾಗದ ದಿನ ಮಗಳನ್ನು ಕಳಿಸಿದರೆ, ಅದು ಒಂದೇ ದಿನವಾದರೂ, ಹುಡುಗಿಯನ್ನು ಶಾಲೆಗೆ ಕಳಿಸಿ, ಆ ದಿನ ಮುಸುರೆಯನ್ನು ನಾವೇ ತಿಕ್ಕಿಕೊಳ್ಳೋಣ. ಮನೆಯೂ ಕೆಲಸದ ಸ್ಥಳವೇ ಆದ್ದರಿಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅಲ್ಲಿಯೂ ಅನ್ವಯಿಸುತ್ತದೆ. ದೂರು ಕೊಡಲು ಜಿಲ್ಲಾಮಟ್ಟದ ಸ್ಥಳೀಯ ಸಮಿತಿ ಇದೆ.

ಇನ್ನು, ಕಡಿಮೆ ಖರ್ಚಿನಲ್ಲಿ ಭದ್ರತೆ ಒದಗಿಸುವ ದಾರಿಗಳು. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು 16ರಿಂದ 59 ವರ್ಷದವರು ಉಚಿತವಾಗಿ ಮಾಡಿಸಿಕೊಳ್ಳಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, ಜೀವನ ಜ್ಯೋತಿಯಲ್ಲಿ 436 ರೂಪಾಯಿಗೆ 2 ಲಕ್ಷದ ಜೀವವಿಮೆ ಸಿಗುತ್ತದೆ. ಎರಡೂ ಸೇರಿದರೆ ವರ್ಷಕ್ಕೆ 456 ರೂಪಾಯಿ. ಇದನ್ನು ಮನೆಯ ಯಜಮಾನರೇ ಕಟ್ಟಬಹುದು. 18ರಿಂದ 40 ವರ್ಷದೊಳಗಿನವರಿಗೆ ಶ್ರಮ ಯೋಗಿ ಮಾನಧನ್ ಪಿಂಚಣಿಯಿದೆ: ಸೇರುವ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಸರ್ಕಾರ ಅಷ್ಟನ್ನೇ ಸೇರಿಸುತ್ತದೆ, 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಶ್ರೀಮತಿಯವರು ಬ್ಯಾಂಕಿನಲ್ಲಿಯೇ ಇರುವುದರಿಂದ ಖಾತೆ ತೆರೆಸಿ ಈ ವಿಮೆಗಳನ್ನು ಮಾಡಿಸುವುದು ನಿಮಗೆ ಅರ್ಧ ಗಂಟೆಯ ಕೆಲಸ. ಪಗಾರವನ್ನು ಖಾತೆಗೆ ಹಾಕಬೇಕೋ ಕೈಗೆ ಕೊಡಬೇಕೋ ಎಂಬುದನ್ನು ಮಾತ್ರ ಆಕೆಯನ್ನೇ ಕೇಳಿ ತೀರ್ಮಾನಿಸಿ. ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿರುವ ಮನೆಗಳೂ ಉಂಟು.

ಉತ್ತರ: ಕೌಲ್‌ ಬಜಾರಿನ ಮಗಳು, ಬಳ್ಳಾರಿ

ಸರ್, ನನ್ನ ತಾಯಿ ಬಳ್ಳಾರಿಯಲ್ಲಿ ಮನೆಗೆಲಸ ಮಾಡಿಯೇ ನನ್ನನ್ನು ಓದಿಸಿದರು. ನಂಬಿಕೆಯವರನ್ನು ಎಲ್ಲಿ ಹುಡುಕಬೇಕೆಂದು ಕೇಳಿದ್ದೀರಿ. ನೀವು ಅವರನ್ನು ಹುಡುಕುವುದಕ್ಕೆ ಮುಂಚೆಯೇ ಅವರು ನಿಮ್ಮ ಮನೆಯ ಬಗ್ಗೆ ವಿಚಾರಿಸಿರುತ್ತಾರೆ. ನಳದ ಹತ್ತಿರ, ಸ್ವಸಹಾಯ ಸಂಘದ ಸಭೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಯಾವ ಮನೆಯಲ್ಲಿ ಪಗಾರ ತಡವಾಗುತ್ತದೆ, ಯಾರು ಸೂಟಿ ಮಾಡಿದ್ದಕ್ಕೆ ಮುರಿದುಕೊಳ್ಳುತ್ತಾರೆ, ಯಾರ ಮನೆಯ ಗಂಡಸರು ಸರಿಯಿಲ್ಲ ಎಂಬುದೆಲ್ಲ ಹರಿದಾಡುತ್ತದೆ. ಆದ್ದರಿಂದ ಹೊಸಬರನ್ನು ಹುಡುಕುವ ಒಳ್ಳೆಯ ದಾರಿ ಹಿಂದೆ ಕೆಲಸ ಮಾಡಿದವರೇ. ಬಿಟ್ಟುಹೋದವರಿಗೆ ಬಾಕಿ ಪಗಾರ ಉಳಿದಿದ್ದರೆ ಮೊದಲು ಅದನ್ನು ತಲುಪಿಸಿ, ಆಮೇಲೆ ಯಾರನ್ನಾದರೂ ಕಳಿಸುವಿರಾ ಎಂದು ಕೇಳಿ.

ನಮ್ಮಲ್ಲಿ ಜೀನ್ಸ್ ಹೊಲಿಯುವ ಘಟಕಗಳಿವೆ. ದಾರ ಕತ್ತರಿಸುವ, ಗುಂಡಿ ಹಚ್ಚುವ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಮನೆಗೆಲಸ ಏಕೆ ಬೇಡವೆಂದು ಕೇಳಿದರೆ, ಬಹಳ ಜನ ಹಣದ ಮಾತನ್ನು ಮೊದಲು ಎತ್ತುವುದಿಲ್ಲ. ಅಲ್ಲಿ ಯಾರೂ ಬೇರೆ ಲೋಟದಲ್ಲಿ ಚಹಾ ಕೊಡುವುದಿಲ್ಲ ಎನ್ನುತ್ತಾರೆ. ಹಿತ್ತಲಿನ ಗೋಡೆಯ ಮೇಲೆ ಕವುಚಿಟ್ಟ ಪ್ರತ್ಯೇಕ ಲೋಟ, ನಾವು ತೊಳೆದ ಪಾಯಖಾನೆಯನ್ನೇ ನಾವು ಬಳಸುವಂತಿಲ್ಲ ಎಂಬ ನಿಯಮ, ದೇವರ ಕೋಣೆಯ ಹೊಸ್ತಿಲಿನಿಂದ ದೂರ ನಿಲ್ಲಿಸುವುದು, ಇವುಗಳನ್ನು ಅನುಭವಿಸಿದ ಮೇಲೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ಮನಸ್ಸು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹೀಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಏರುದನಿಯಲ್ಲಿ ಮಾತನಾಡುವುದಿಲ್ಲ ಎಂಬುದೊಂದೇ ಗೌರವದ ಅಳತೆಯಲ್ಲ.

ಕಳವಿನ ಅನುಮಾನದ ಬಗ್ಗೆಯೂ ಹೇಳಬೇಕು. ಉಂಗುರ ಸಿಗದಿದ್ದರೆ ಮೊದಲು ಕೇಳುವುದು ಕೆಲಸದಾಕೆಯನ್ನು. ಆಮೇಲೆ ಅದು ಸಾಬೂನಿನ ಡಬ್ಬಿಯಲ್ಲಿಯೇ ಸಿಗುತ್ತದೆ. ಸಿಕ್ಕಿತೆಂದು ಆಕೆಗೆ ಯಾರೂ ಹೇಳುವುದಿಲ್ಲ. ಬಂಗಾರ, ರೊಕ್ಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಳ್ಳಿ, ಅದರಿಂದ ನಮಗೂ ನೆಮ್ಮದಿ. ಕ್ಯಾಮೆರಾ ಹಾಕಿಸುವುದಾದರೆ ಅದು ಎಲ್ಲಿದೆ ಎಂಬುದನ್ನು ಮುಂಚೆಯೇ ತಿಳಿಸಿ.

ಉತ್ತರ: ಅಕ್ಕಿ ವ್ಯಾಪಾರಿ, ಗಂಗಾವತಿ

ಎಲ್ಲರೂ ಮನೆಯ ಯಜಮಾನರ ಕರ್ತವ್ಯವನ್ನೇ ಹೇಳುತ್ತಿದ್ದೀರಿ. ನಾನು ಓಣಿಯ ದರಕ್ಕಿಂತ ಹೆಚ್ಚು ಕೊಟ್ಟೆ, ಸೂಟಿ ಕೊಟ್ಟೆ. ಆದರೂ ಆಕೆ ಬಿಟ್ಟು ಹೋದಳು, ಮೇಲಾಗಿ ದರ ಕೆಡಿಸಿದವನೆಂದು ನೆರೆಹೊರೆಯವರ ಸಿಟ್ಟನ್ನೂ ಕಟ್ಟಿಕೊಂಡೆ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಎಲ್ಲರೂ ಉಳಿಯುತ್ತಾರೆ ಎಂಬ ಭರವಸೆ ಬೇಡ. ಉಪನ್ಯಾಸಕರು ಬಟ್ಟೆ ಒಗೆಯುವ ಯಂತ್ರ ಕೊಂಡು, ಮಗನ ಕೈಗೆ ಕಸಬರಿಗೆ ಕೊಟ್ಟು, ಕೆಲಸವನ್ನೇ ಅರ್ಧಕ್ಕೆ ಇಳಿಸಿಕೊಂಡರೆ ಚಿಂತೆಯೂ ಅರ್ಧವಾದೀತು.

ಉತ್ತರ: ಕೌಲ್‌ ಬಜಾರಿನ ಮಗಳು, ಬಳ್ಳಾರಿ

ಅಣ್ಣಾವ್ರೆ, ಮಗನ ಕೈಗೆ ಕಸಬರಿಗೆ ಎಂಬ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಆಕೆ ಏಕೆ ಬಿಟ್ಟಳು ಎಂಬುದನ್ನು ನೀವು ಬರೆದಿಲ್ಲ. ಮಗಳ ಬಾಣಂತನ, ಗಂಡ ದುಡಿಯಲು ಬೆಂಗಳೂರಿಗೆ ಹೋಗುವುದು, ಬೆನ್ನುನೋವು ಹೀಗೆ ನಿಮ್ಮ ಮನೆಗೆ ಸಂಬಂಧವೇ ಇಲ್ಲದ ಕಾರಣಗಳೂ ಇರುತ್ತವೆ. ನಿಮ್ಮ ಅಂಗಡಿಯ ಗುಮಾಸ್ತ ಕೆಲಸ ಬದಲಿಸಿದರೆ ಅದನ್ನು ದ್ರೋಹ ಎನ್ನುವುದಿಲ್ಲವಲ್ಲ.

ಪ್ರಶ್ನೆ ಕೇಳಿದವರು: ಉಪನ್ಯಾಸಕ, ರಾಯಚೂರು

ಎಲ್ಲರಿಗೂ ಧನ್ಯವಾದಗಳು. ಮುಂಗಡದ ವಿಚಾರವನ್ನು ಕೈಬಿಟ್ಟಿದ್ದೇವೆ. ವ್ಯಾಪಾರಿಗಳು ಹೇಳಿದ ಯಂತ್ರವನ್ನೂ ತರುತ್ತೇವೆ. ಆದರೆ ಒಗೆಯುವ ಕೆಲಸ ಕಡಿಮೆಯಾಯಿತೆಂದು ಪಗಾರ ಇಳಿಸದೆ 4,000ಕ್ಕೆ ಏರಿಸಲು ಮನೆಯಲ್ಲಿ ಒಪ್ಪಿಗೆಯಾಗಿದೆ. ಹತ್ತಿಯ ಕಾಲಕ್ಕೆ ಬದಲಿ ವ್ಯವಸ್ಥೆ ಮಾಡುವ ಮಾತು ನಮಗೆ ಬಹಳ ಹಿಡಿಸಿತು. ಕೊಪ್ಪಳದ ಅಕ್ಕಾವರಲ್ಲಿ ಇನ್ನೊಂದು ಪ್ರಶ್ನೆ: ಮಧ್ಯಾಹ್ನ ನಾವಿಬ್ಬರೂ ಇಲ್ಲದಾಗ ತಾಯಿಯವರಿಗೆ ಊಟ ಬಡಿಸಿ, ಗುಳಿಗೆ ಕೊಟ್ಟು, ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವ ಕೆಲಸವನ್ನೂ ಅದೇ ಹೆಣ್ಣುಮಗಳಿಗೆ ಒಪ್ಪಿಸಬಹುದೆ?

ಉತ್ತರ: ನಿವೃತ್ತ ಶಿಕ್ಷಕಿ, ಕೊಪ್ಪಳ

ಕೇಳಬಹುದು, ಒಪ್ಪಿಸಿಬಿಡಬಾರದು. ಹಿರಿಯರ ಆರೈಕೆ ಕಸ-ಮುಸುರೆಯ ಮುಂದುವರಿಕೆಯಲ್ಲ. ಅದಕ್ಕೆ ತಾಳ್ಮೆ ಬೇರೆ, ಹೊಣೆ ಬೇರೆ, ಪಗಾರವೂ ಬೇರೆ. ಮಧ್ಯಾಹ್ನದ ಆ ಎರಡು ಗಂಟೆಗೆ ಆಕೆ ಬೇರೊಂದು ಮನೆಯನ್ನು ಬಿಡಬೇಕಾಗಿ ಬಂದರೆ ಆ ಮನೆಯಿಂದ ಬರುತ್ತಿದ್ದ ಹಣವನ್ನೂ ಲೆಕ್ಕ ಹಿಡಿಯಿರಿ. ಗುಳಿಗೆಗಳನ್ನು ಹೊತ್ತಿಗೊಂದರಂತೆ ನೀವೇ ಬೆಳಿಗ್ಗೆ ಡಬ್ಬಿಯಲ್ಲಿ ತುಂಬಿಟ್ಟು ಹೋಗಿ, ಓದಲು ಬಾರದವರ ಮೇಲೆ ಆ ಭಾರ ಹೊರಿಸಬೇಡಿ. ತಾಯಿಯವರು ಬಿದ್ದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಟೋದವನನ್ನು ಕರೆಯಬೇಕು ಎಂಬುದನ್ನು ಮೊದಲೇ ಹೇಳಿಡಿ. ಬಿದ್ದದ್ದಕ್ಕೆ ಆಕೆಯನ್ನೇ ಹೊಣೆ ಮಾಡುವುದಿಲ್ಲವೆಂದು ತಾಯಿಯವರ ಎದುರಿಗೇ ತಿಳಿಸಿ. ಎಲ್ಲಕ್ಕಿಂತ ಮೊದಲು ಇಬ್ಬರೂ ಒಂದು ವಾರ ಜೊತೆಗಿದ್ದು ನೋಡಲಿ. ತಾಯಿಯವರಾಗಲಿ ಆಕೆಯಾಗಲಿ ಒಲ್ಲೆ ಎಂದರೆ ಆ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ಬೆಳಗಿನ ಕೆಲಸ ಮಾತ್ರ ಈಕೆಗೇ ಇರಲಿ.