ಬಿ.ಎಸ್ಸಿ ಆದಮೇಲೆ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ ಮಾಡಲೋ, ಬಿ.ಎಡ್ ಮಾಡಲೋ? ಕಲಬುರಗಿ ಕಡೆಯವರು ಹೇಳಿ

ತೊಗರಿಹೊಲ:
ಎಲ್ಲರಿಗೂ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನವಳು. ಬಿ.ಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಕೊನೆಯ ಸೆಮಿಸ್ಟರ್. ಮುಂದೆ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ ಮಾಡಬೇಕು ಅಂತ ಬಹಳ ಆಸೆ ಇದೆ. ಮನೆಯಲ್ಲಿ ಅಪ್ಪ, ಕಾಕಾ ಇಬ್ಬರದೂ ಒಂದೇ ಮಾತು, "ಗಿಡ ನೆಡೋದು ಕಲಿಯೋಕೆ ಎರಡು ವರ್ಷ ಯಾಕೆ, ಸುಮ್ನೆ ಬಿ.ಎಡ್ ಮಾಡು." ಅವರ ಮೇಲೆ ನನಗೆ ಸಿಟ್ಟಿಲ್ಲ. ಐದು ಎಕರೆ ತೊಗರಿ ನಂಬಿಕೊಂಡು ಇಲ್ಲಿವರೆಗೆ ಓದಿಸಿದ್ದಾರೆ, ಭಯ ಇರುತ್ತದೆ.

ಈ ಆಸೆ ಯಾಕೆ ಬಂತು ಅಂತ ಹೇಳುತ್ತೇನೆ. ನಮ್ಮೂರ ಸುತ್ತ ಪರಸಿ ಕಲ್ಲಿನ ಗಣಿಗಳು. ಕಲ್ಲು ಕೊಯ್ದು ಪಾಲಿಶ್ ಮಾಡುವಾಗ ಬರುವ ಬೂದು ಬಣ್ಣದ ರಾಡಿಯನ್ನು ಹಳ್ಳದ ದಂಡೆಯಲ್ಲೇ ಸುರಿಯುತ್ತಾರೆ. ಅದು ಒಣಗಿ ಪುಡಿಯಾಗಿ ಹಾರುತ್ತದೆ. ತೊಗರಿ ಹೂ ಬಿಡುವ ಹೊತ್ತಿಗೆ ಎಲೆ ಮುಟ್ಟಿದರೆ ಕೈಯೆಲ್ಲಾ ಧೂಳು. ಹೋದ ವರ್ಷ ಪಕ್ಕದ ಊರಲ್ಲಿ ಒಂದು ಸುಣ್ಣದಕಲ್ಲಿನ ಗಣಿ ದೊಡ್ಡದು ಮಾಡುವುದಕ್ಕೆ ಜನರ ಅಹವಾಲು ಕೇಳುವ ಸಭೆ ಇತ್ತು. ಅಪ್ಪನ ಜೊತೆ ನಾನೂ ಹೋಗಿದ್ದೆ. ಬಾವಿ ನೀರು ಕೆಡುತ್ತದಾ ಅಂತ ಅಪ್ಪ ಕೇಳಿದರು. "ಎಲ್ಲಾ ಮಿತಿಯೊಳಗೇ ಇದೆ" ಅಂದರು ಗಣಿ ಕಡೆಯವರು. ಆ ಮಿತಿ ಎಷ್ಟು, ಎಲ್ಲಿ ಅಳೆದರು, ಯಾವ ತಿಂಗಳಲ್ಲಿ ಅಳೆದರು ಅಂತ ಕೇಳೋರು ಅಷ್ಟು ಜನರಲ್ಲಿ ಒಬ್ಬರೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಬಿ.ಎಸ್ಸಿ ಓದಿ ಏನು ಬಂತು ಅನ್ನಿಸಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈ ಕೋರ್ಸಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಕೆಲಸ ಸಿಗುತ್ತದಾ? ಮಾಡಿದವರು ದಯವಿಟ್ಟು ಇದ್ದದ್ದು ಇದ್ದಂಗೆ ಹೇಳಿ.

ಶಂಕರಘಟ್ಟ_ಟು_ಸೇಡಂ:
ತಂಗಿ, ನಾನು ಸೇಡಂ ಕಡೆಯವನು. ಕುವೆಂಪು ವಿಶ್ವವಿದ್ಯಾಲಯದಲ್ಲಿ ಇದೇ ಎಂ.ಎಸ್ಸಿ ಮಾಡಿದೆ. ಮೊದಲು ಅಪ್ಪನವರಿಗೆ ಹೇಳಿ, ಇದು ಗಿಡ ನೆಡುವ ಕೋರ್ಸ್ ಅಲ್ಲ, ಅಳೆಯುವ ಕೋರ್ಸ್. ನೀರಿನ ಕೆಮಿಸ್ಟ್ರಿ, ಗಾಳಿ, ಮಣ್ಣು, ಕೊಳಚೆ ನೀರಿನ ಶುದ್ಧೀಕರಣ, ಕಸ ನಿರ್ವಹಣೆ, ಕಾನೂನು, ಅಂಕಿಅಂಶ, ಉಪಗ್ರಹದ ಚಿತ್ರ ಓದುವುದು, ಇಷ್ಟೂ ಬರುತ್ತದೆ. ಕೊನೆಯಲ್ಲಿ ಪ್ರಾಜೆಕ್ಟ್. ಬಿಒಡಿ ಅಂತ ಒಂದು ಟೆಸ್ಟ್ ಇದೆ. ನೀರನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು, ಅದರಲ್ಲಿರುವ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿಂದವು ಅಂತ ನೋಡುವುದು. ಮೊದಲ ಸಲ ಮಾಡಿದಾಗ ನನ್ನ ಲೆಕ್ಕ ತಪ್ಪಿ ಮತ್ತೆ ಮೂರು ದಿನ ಕಾದೆ. ಅಂಥ ಕೆಲಸ ಇದು, ತಾಳ್ಮೆ ಬೇಕು.

ನೀವು ಸಭೆ ಬಗ್ಗೆ ಬರೆದದ್ದು ಓದಿ ಎದೆ ಭಾರ ಆಯ್ತು. ನಮ್ಮೂರಲ್ಲೂ ಇದೇ ಕತೆ. ಆ ಸಭೆ 2006ರ ಇಐಎ (ಪರಿಸರದ ಮೇಲಾಗುವ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ನಡೆಯುವುದು. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಕರಡು ವರದಿ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ ಇಂಥ ಕಡೆ ಓದಲು ಸಿಗಬೇಕು, ಅದರ ಸಾರಾಂಶ ಕನ್ನಡದಲ್ಲಿ ಇರಬೇಕು. ಆ 30 ದಿನದಲ್ಲಿ ಹೋಗಿ ಓದುವ ಒಬ್ಬರು ಊರಲ್ಲಿದ್ದರೆ ಸಭೆಯ ಮಾತೇ ಬೇರೆ ಆಗುತ್ತದೆ. ಧೂಳಲ್ಲಿ ಅಳೆಯುವುದು ಪಿಎಂ 10, ಅಂದರೆ 10 ಮೈಕ್ರಾನ್ ಇಲ್ಲವೇ ಅದಕ್ಕಿಂತ ಸಣ್ಣ ಕಣ. ಅದಕ್ಕೆ 24 ತಾಸಿನ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ಗಣಿ ವರದಿಗಳಲ್ಲಿ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಸೀಸನ್ನಿನ ಅಳತೆ ಇರುತ್ತದೆ. ಹಾಗಾಗಿ "ಯಾವ ತಿಂಗಳು, ಗಾಳಿ ಯಾವ ಕಡೆ ಬೀಸುವಾಗ, ಊರಿಂದ ಎಷ್ಟು ದೂರ" ಅನ್ನುವ ನಿಮ್ಮ ಪ್ರಶ್ನೆ ಇದೆಯಲ್ಲ, ಅದೇ ಸರಿಯಾದ ಪ್ರಶ್ನೆ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಈ ವಿಭಾಗ ಇದೆ. ಒಂದು ದಿನ ಅದರ ಕ್ಯಾಂಪಸ್ ಜ್ಞಾನಗಂಗೆಗೆ ಹೋಗಿ, ಈಗ ಓದುತ್ತಿರುವವರ ಹತ್ತಿರ ಮಾತಾಡಿ. ಲ್ಯಾಬಲ್ಲಿ ಯಂತ್ರ ಇದೆಯಾ ಅಂತ ಕೇಳಬೇಡಿ, ಹೋದ ವಾರ ಯಾವುದನ್ನು ಬಳಸಿದಿರಿ ಅಂತ ಕೇಳಿ. 371(ಜೆ) ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು) ಈಗಲೇ ಮಾಡಿಸಿಟ್ಟುಕೊಳ್ಳಿ, ಅಡ್ಮಿಷನ್ ಹೊತ್ತಿಗೆ ಓಡಾಟ ಬೇಡ. ಹೊರಗೆ ಹೋಗುವ ಧೈರ್ಯ ಇದ್ದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿ ಬರೆಯಿರಿ, ದೆಹಲಿಯ ಜೆಎನ್‌ಯು ತರದ ಕಡೆ ಈ ವಿಷಯಕ್ಕೇ ಪ್ರತ್ಯೇಕ ವಿಭಾಗ ಇದೆ.

ಬೀದರ್_ಲ್ಯಾಬ್:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡ ತಂಗಿ. ನಾನು ಒಂಬತ್ತು ವರ್ಷದಿಂದ ನೀರು ಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡುತ್ತಿದ್ದೇನೆ. ಕೆಲಸಕ್ಕೆ ಕರೆಯುವಾಗ ನಮ್ಮಲ್ಲಿ ಹೆಚ್ಚಾಗಿ ಕೇಳುವುದು ಕೆಮಿಸ್ಟ್ರಿ. ಎಂ.ಎಸ್ಸಿ ಕೆಮಿಸ್ಟ್ರಿ ಮಾಡಿದವರಿಗೆ ಲ್ಯಾಬೂ ಸಿಗುತ್ತದೆ, ಫಾರ್ಮಾ ಕಂಪನಿಯೂ ಸಿಗುತ್ತದೆ, ಕಾಲೇಜೂ ಸಿಗುತ್ತದೆ. ಪರಿಸರ ವಿಜ್ಞಾನದವರಿಗೆ ಬಾಗಿಲು ಕಡಿಮೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಹುದ್ದೆ ಅಂತ ಎಲ್ಲರೂ ಕನಸು ಕಾಣುತ್ತಾರೆ, ಆದರೆ ಅದರಲ್ಲಿ ದೊಡ್ಡ ಭಾಗ ಎಂಜಿನಿಯರಿಂಗ್ ಓದಿದವರಿಗೆ ಹೋಗುತ್ತದೆ. ಹುದ್ದೆ ಕರೆಯುವುದೂ ಅಪರೂಪ. ನೀರು ಪರೀಕ್ಷೆ ಕೆಲಸ ಬಹಳಷ್ಟು ಕಡೆ ಗುತ್ತಿಗೆ ಮೇಲೆ. ಸಂಬಳ ಎರಡು ತಿಂಗಳು ತಡವಾಗಿ ಬಂದದ್ದೂ ಇದೆ.

ಹಾಗಂತ ಈ ವಿಷಯ ಬೇಡ ಅನ್ನುತ್ತಿಲ್ಲ. ನಮ್ಮ ಭಾಗಕ್ಕೆ ಇದು ಬೇಕೇ ಬೇಕು. ಯಾದಗಿರಿ ಕಡೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಸುರಪುರ ತಾಲ್ಲೂಕಿನ ಕೆಲವು ತಾಂಡಾಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ಫ್ಲೋರೈಡಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಕ್ಕಳ ಹಲ್ಲು ಕಂದು ಆದಮೇಲೆ ಗೊತ್ತಾಗುವುದು. ನಾನು ಹೇಳುವುದು ಇಷ್ಟೇ, ಕೆಮಿಸ್ಟ್ರಿ ಗಟ್ಟಿ ಮಾಡಿಕೊಂಡು ಇದಕ್ಕೆ ಬಾ. ಹೊಟ್ಟೆ ತುಂಬಿದರೆ ತಾನೇ ಊರಿನ ಕೆಲಸ ಮಾಡೋಕಾಗುವುದು?

ಭೀಮಾ_ದಂಡೆ:
ನಾನು ಯಾದಗಿರಿಯವಳು, ಈಗ ಬೆಂಗಳೂರಲ್ಲಿ ಸಸ್ಟೇನಬಿಲಿಟಿ (ಕಂಪನಿಗಳಿಂದ ಪರಿಸರಕ್ಕೆ ಆಗುವ ಹೊರೆ ನೋಡುವ) ತಂಡದಲ್ಲಿ ಇದ್ದೇನೆ. ಬೀದರ್ ಅಣ್ಣ ಹೇಳಿದ್ದು ಸರಕಾರಿ ಕೆಲಸದ ಮಟ್ಟಿಗೆ ಖರೆ. ಆದರೆ ಹೊಸ ಬಾಗಿಲು ಒಂದು ತೆರೆದಿದೆ. 2022-23ರಿಂದ ಶೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು ಎಷ್ಟು ನೀರು, ಎಷ್ಟು ಕರೆಂಟ್, ಎಷ್ಟು ಕಸ, ಎಷ್ಟು ಇಂಗಾಲ ಅಂತ ವರ್ಷಕ್ಕೊಮ್ಮೆ ಬಿಆರ್‌ಎಸ್‌ಆರ್ ಅನ್ನುವ ವರದಿ ಕೊಡಲೇಬೇಕು ಅಂತ ಶೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿ ಮಾಡಿದೆ. ಆ ಲೆಕ್ಕ ಮಾಡುವವರು ಬೇಕಲ್ವಾ? ನನ್ನ ಕೆಲಸ ಅದೇ.

ಒಂದು ಎಚ್ಚರ ಮಾತ್ರ. ಸಸ್ಟೇನಬಿಲಿಟಿ ಅಂತ ಹೆಸರು ಹಾಕಿ ಲಕ್ಷಗಟ್ಟಲೆ ಫೀ ತಗೊಂಡು ಬರೀ ಪಿಪಿಟಿ ತೋರಿಸುವ ಕೋರ್ಸ್‌ಗಳು ಈಗ ಜಾಸ್ತಿ ಆಗಿವೆ. ನಾನೇ ಅಂಥದ್ದೊಂದಕ್ಕೆ ದುಡ್ಡು ಕಟ್ಟಿ ಕಳೆದುಕೊಂಡೆ, ಅಪ್ಪ ಸಾಲ ಮಾಡಿ ಕೊಟ್ಟ ದುಡ್ಡು ಅದು. ಸಿಲೆಬಸ್ ತೆಗೆದು ನೋಡಿ. ಲ್ಯಾಬ್ ಇಲ್ಲ, ಫೀಲ್ಡ್ ಇಲ್ಲ, ಲೆಕ್ಕ ಇಲ್ಲ ಅಂದರೆ ಬಿಟ್ಟುಬಿಡಿ.

ಜೊತೆಗೆ ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆ ಮಾಡಿ ಅಳೆಯುವುದು) ಕಲಿಯಿರಿ. ಕ್ಯೂಜಿಐಎಸ್ ಸಾಫ್ಟ್‌ವೇರ್ ಪುಕ್ಕಟೆ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಸ್ಪಷ್ಟತೆಯ ಚಿತ್ರ ಸುಮಾರು 5 ದಿನಕ್ಕೊಂದು ಬರುತ್ತದೆ, ಅದೂ ಪುಕ್ಕಟೆ. ನಿಮ್ಮೂರ ಹಳ್ಳದ ದಂಡೆಯ ರಾಡಿ ಗುಡ್ಡೆ ವರ್ಷ ವರ್ಷ ಎಷ್ಟು ಬೆಳೆಯಿತು ಅಂತ ಮನೆಯಲ್ಲಿ ಕೂತೇ ಗುರುತು ಹಾಕಬಹುದು.

ನಿವೃತ್ತ_ಮೇಷ್ಟ್ರು:
ಮಗಳೇ, ನಾನು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದೆ. ನಿನಗೂ ಡಿಗ್ರಿಯಲ್ಲಿ ಪರಿಸರ ಅಧ್ಯಯನ ಅಂತ ಕಡ್ಡಾಯ ಪೇಪರ್ ಬಂದಿರಬೇಕು. ಪರಿಸರದ ಕೇಸುಗಳ ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ್ದರಿಂದ ಬಂದದ್ದು ಅದು. ಆದರೆ ಅದನ್ನು ಪಾಠ ಮಾಡಲು ಆ ವಿಷಯ ಓದಿದವರನ್ನೇ ತೆಗೆದುಕೊಳ್ಳುವುದು ಕಡಿಮೆ. ನಾನೇ ಎಷ್ಟೋ ವರ್ಷ ನನ್ನ ವಿಷಯದ ಜೊತೆ ಅದನ್ನೂ ಹೇಳಿದೆ. ಎಲ್ಲರಿಗೂ ಕಡ್ಡಾಯ ಮಾಡಿದ ಪೇಪರಿಗೆ ಅದನ್ನು ಓದಿದವರನ್ನು ಇಟ್ಟುಕೊಳ್ಳದಿರುವುದು ನನಗೆ ಇವತ್ತಿಗೂ ನೋವು. ಹಾಗಾಗಿ ಪಾಠ ಮಾಡುವ ಆಸೆ ಇದ್ದರೆ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಬರೆಯಬೇಕಾಗುತ್ತದೆ, ಅದರಲ್ಲೇ ಜೆಆರ್‌ಎಫ್ ಅನ್ನುವ ಫೆಲೋಶಿಪ್ ಸಿಕ್ಕರೆ ಸಂಶೋಧನೆಗೆ ತಿಂಗಳ ಹಣವೂ ಬರುತ್ತದೆ.

ಅಪ್ಪನ ಭಯಕ್ಕೆ ನನ್ನ ಉತ್ತರ ಇದು. ಸಿಬಿಝಡ್ ಡಿಗ್ರಿ ಎಲ್ಲೂ ಹೋಗುವುದಿಲ್ಲ. ಎಂ.ಎಸ್ಸಿ ಮುಗಿಸಿಯೂ ಬಿ.ಎಡ್ ಮಾಡಬಹುದು. ಇದನ್ನು ಫೋನಿನಲ್ಲಿ ಹೇಳಬೇಡ, ಎದುರು ಕೂತು ಹೇಳು.

ತೊಗರಿಹೊಲ:
ಎಲ್ಲರಿಗೂ ಕೈಮುಗಿದೆ. ಇದನ್ನೆಲ್ಲಾ ಅಪ್ಪನಿಗೆ ಓದಿ ಹೇಳಿದೆ. ಹೊಸ ಬಾಗಿಲಿನ ಮಾತಿಗೆ ಸುಮ್ಮನಿದ್ದರು. ಬಿ.ಎಡ್ ಆಮೇಲೂ ಆಗುತ್ತದೆ ಅಂದಾಗ "ಮತ್ತ ಮೊದಲೇ ಹೇಳಬಾರದಾ" ಅಂದರು. ಇನ್ನೂ ಹೂಂ ಅಂದಿಲ್ಲ, ಆದರೆ ಸೋಮವಾರ ಜ್ಞಾನಗಂಗೆಗೆ ತಾವೇ ಕರೆದುಕೊಂಡು ಹೋಗುತ್ತಾರಂತೆ. ಬೀದರ್ ಅಣ್ಣ, ಕೆಮಿಸ್ಟ್ರಿ ಸೀಟಿಗೂ ಅರ್ಜಿ ಹಾಕುತ್ತೇನೆ, ಎರಡೂ ನೋಡಿ ತೀರ್ಮಾನ ಮಾಡುತ್ತೇನೆ. ಒಂದು ಕೇಳಬೇಕಿತ್ತು. ನಮ್ಮ ಬೋರ್‌ವೆಲ್ ನೀರು ಈಗಲೇ ಪರೀಕ್ಷೆ ಮಾಡಿಸಬೇಕು ಅಂದರೆ ಹೇಗೆ ಹಿಡಿದು ತರಬೇಕು?

ಬೀದರ್_ಲ್ಯಾಬ್:
ಮೋಟಾರು ಹಾಕಿ ಐದು ಹತ್ತು ನಿಮಿಷ ನೀರು ಬಿಡು, ಪೈಪಲ್ಲಿ ನಿಂತ ನೀರು ಹೋಗಲಿ. ಎರಡು ಲೀಟರಿನ ಹೊಸ ಪ್ಲಾಸ್ಟಿಕ್ ಕ್ಯಾನ್ ತಗೋ, ಗಾಜಿನದು ಬೇಡ, ಫ್ಲೋರೈಡ್ ಗಾಜಿಗೆ ಹಿಡಿಯುತ್ತದೆ. ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬು. ಸೋಪು ಹಾಕಬೇಡ. ಮೇಲೆ ಊರು, ಬೋರ್‌ವೆಲ್ ಎಷ್ಟು ಅಡಿ, ತಾರೀಖು, ಎಷ್ಟು ಗಂಟೆ ಅಂತ ಬರೆದು ಅವತ್ತೇ ಲ್ಯಾಬಿಗೆ ಕೊಡು. ಬ್ಯಾಕ್ಟೀರಿಯಾ ನೋಡಬೇಕು ಅಂದರೆ ಬಾಟಲಿ ಬೇರೆ, ಅದನ್ನು ಲ್ಯಾಬಿನವರೇ ಕ್ರಿಮಿ ಇಲ್ಲದಂತೆ ಶುದ್ಧ ಮಾಡಿ ಕೊಡುತ್ತಾರೆ. ಹಳ್ಳದ ದಂಡೆ ಬಾವಿಯದೂ ಒಂದು ಕ್ಯಾನ್ ತುಂಬು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.